ಥ್ಯಾಂಕ್ಸ್‌ಗಿವಿಂಗ್‌ಗೆ ಕ್ಲಾಸಿನಲ್ಲಿ ಏನು ಮಾಡಿಸೋದು? ಅಮೆರಿಕದ ಕನ್ನಡ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾಲೋವೀನ್ ಮುಗಿದು ಮನೆ ಮುಂದಿನ ಕುಂಬಳಕಾಯಿ ಕೊಳೆಯೋಕೆ ಶುರುವಾಗುವ ಹೊತ್ತಿಗೆ ನನ್ನ ಫೋನಿಗೆ ಮೆಸೇಜುಗಳು ಬರುತ್ತವೆ. "ಅಕ್ಕಾ, ಈ ಸಲ ನಾನು ರೂಮ್ ಪೇರೆಂಟ್. ಥ್ಯಾಂಕ್ಸ್‌ಗಿವಿಂಗ್‌ಗೆ ಮಕ್ಕಳ ಹತ್ರ ಏನು ಮಾಡಿಸ್ಲಿ?" ರೂಮ್ ಪೇರೆಂಟ್ ಅಂದರೆ ಕ್ಲಾಸಿನ ಚಟುವಟಿಕೆಗಳಿಗೆ ಟೀಚರಿಗೆ ನೆರವಾಗುವ ಅಪ್ಪ ಅಥವಾ ಅಮ್ಮ. ನಾನು ಟೀಚರ್ ಅಲ್ಲ. ನ್ಯೂಜೆರ್ಸಿಯ ಒಂದು ಎಲಿಮೆಂಟರಿ ಶಾಲೆಯಲ್ಲಿ ಇಬ್ಬರು ಮಕ್ಕಳ ಹಿಂದೆ ಏಳು ವರ್ಷ ಗ್ಲೂ ಸ್ಟಿಕ್ ಹಿಡಿದು ಓಡಾಡಿದವಳು, ಅಷ್ಟೇ. ಅದೇ ಉತ್ತರ ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಈ ಹಬ್ಬ ಯಾವತ್ತು? ಕ್ಲಾಸಿಗೆ ಎಷ್ಟು ದಿನ ಸಿಗುತ್ತೆ?

ನವೆಂಬರಿನ ನಾಲ್ಕನೇ ಗುರುವಾರ. ಕೊನೆಯ ಗುರುವಾರ ಅಲ್ಲ, ನಾಲ್ಕನೆಯದು. ಐದು ಗುರುವಾರ ಬರುವ ವರ್ಷ ಈ ವ್ಯತ್ಯಾಸ ಗೊತ್ತಾಗುತ್ತದೆ. 1863ರಲ್ಲಿ ಅಬ್ರಹಾಂ ಲಿಂಕನ್ ಕೊನೆಯ ಗುರುವಾರ ಅಂತಲೇ ಘೋಷಿಸಿದ್ದರು. 1939ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕ್ರಿಸ್‌ಮಸ್ ವ್ಯಾಪಾರಕ್ಕೆ ಇನ್ನೊಂದು ವಾರ ಸಿಗಲಿ ಅಂತ ಹಬ್ಬವನ್ನು ಒಂದು ವಾರ ಮೊದಲೇ ಇಟ್ಟರು. ಸುಮಾರು ಅರ್ಧ ರಾಜ್ಯಗಳು ಒಪ್ಪಿದವು, ಉಳಿದವು ಕೇಳಲಿಲ್ಲ. ಕೊನೆಗೆ 1941ರ ಡಿಸೆಂಬರಿನಲ್ಲಿ ಕಾನೂನು ಬಂದು ನಾಲ್ಕನೇ ಗುರುವಾರ ಖಾಯಂ ಆಯಿತು.

ಶಾಲೆಯ ಲೆಕ್ಕ ಬೇರೆ. ಗುರುವಾರ, ಶುಕ್ರವಾರ ರಜೆ. ಬುಧವಾರ ಎಷ್ಟೋ ಕಡೆ ಅರ್ಧ ದಿನ. ಕೆಲವು ಊರುಗಳಲ್ಲಿ ಇಡೀ ವಾರವೇ ರಜೆ. ಬುಧವಾರ ಅರ್ಧ ಕ್ಲಾಸು ಊರಿಗೆ ಹೊರಟಿರುತ್ತದೆ. ಆದ್ದರಿಂದ ಏನೇ ಮಾಡಿಸುವುದಿದ್ದರೂ ಸೋಮವಾರ ಅಥವಾ ಮಂಗಳವಾರ ಇಟ್ಟುಕೊಳ್ಳಿ.

ಇದು ಕ್ರಿಶ್ಚಿಯನ್ ಹಬ್ಬನಾ? ನಮ್ಮ ಮಕ್ಕಳು ಸೇರಬಹುದಾ?

ಧಾರಾಳವಾಗಿ ಸೇರಬಹುದು. ಇದು ದೇಶದ ಹಬ್ಬ. ಸರ್ಕಾರಿ ಶಾಲೆಗಳಲ್ಲಿ ಸುಗ್ಗಿ, ಊಟ, ಥ್ಯಾಂಕ್ಸ್ ಹೇಳುವುದು, ಇಷ್ಟರ ಸುತ್ತಲೇ ನಡೆಸುತ್ತಾರೆ.

ಟೀಚರ್ ಒಂದು ಗಂಟೆ ಕೊಟ್ಟಿದ್ದಾರೆ, 24 ಮಕ್ಕಳು. ಹೇಗೆ ಸಂಭಾಳಿಸೋದು?

ನಾಲ್ಕು ಟೇಬಲ್, ನಾಲ್ಕು ಕೆಲಸ, ಟೇಬಲ್ಲಿಗೆ ಆರು ಮಕ್ಕಳು, 12 ನಿಮಿಷಕ್ಕೊಮ್ಮೆ ಬದಲಾವಣೆ. ಉಳಿದ 12 ನಿಮಿಷ ಜಾಗ ಬದಲಿಸುವುದಕ್ಕೆ, ಕೈ ತೊಳೆಯುವುದಕ್ಕೆ, "ನಂಗೆ ಬಾತ್‌ರೂಮ್" ಅನ್ನುವವರಿಗೆ ಹೋಗುತ್ತದೆ. ಟೇಬಲ್ಲಿಗೆ ಒಬ್ಬರಾದರೂ ದೊಡ್ಡವರು ಬೇಕು. ಮೂರೇ ಜನ ಸಿಕ್ಕರೆ ನಾಲ್ಕನೇ ಟೇಬಲ್ಲಿಗೆ ಬಣ್ಣ ಹಚ್ಚುವ ಹಾಳೆ ಇಡಿ.

ಮೊದಲನೇ ವರ್ಷ ನಾನು ಏಳು ಕ್ರಾಫ್ಟ್ ತಯಾರಿಸಿಕೊಂಡು ಹೋಗಿದ್ದೆ. ಎರಡು ಮುಗಿದವು. ಉಳಿದ ಐದರ ಸಾಮಾನು ನಮ್ಮ ಗರಾಜಿನಲ್ಲಿ ಈಗಲೂ ಇದೆ, ಕಂದು ಬಣ್ಣದ ಗರಿಗಳ ಮೂರು ಪೊಟ್ಟಣ ಸಮೇತ. ಆ ಗರಿಗಳ ಕಥೆಗೆ ಆಮೇಲೆ ಬರುತ್ತೇನೆ.

ಮಕ್ಕಳು ಮರೆಯದೇ ಇರುವಂಥ ಒಂದೇ ಒಂದು ಚಟುವಟಿಕೆ ಹೇಳಿ ಅಂದ್ರೆ?

ಬೆಣ್ಣೆ ತೆಗೆಯುವುದು. ನಾನು ಮಾಡಿಸಿದ್ದರಲ್ಲಿ ಇದಕ್ಕೆ ಸಾಟಿಯಿಲ್ಲ.

ಅಂಗಡಿಯಿಂದ ಹೆವಿ ವಿಪ್ಪಿಂಗ್ ಕ್ರೀಮ್ ತನ್ನಿ. ನಾಲ್ಕು ಬಾಟಲಿಗೆ ಒಂದು ಕ್ವಾರ್ಟ್, ಅಂದರೆ ಲೀಟರಿಗೆ ಸ್ವಲ್ಪ ಕಡಿಮೆ, ಧಾರಾಳವಾಗಿ ಸಾಕು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿ ಇರಲಿ. ಗಾಜಿನದು ಬೇಡ, ಒಂದಲ್ಲ ಒಂದು ಬಿದ್ದೇ ಬೀಳುತ್ತದೆ. ಕ್ರೀಮನ್ನು ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟರೆ ಬೇಗ ಆಗುತ್ತದೆ. ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಾತ್ರ ತುಂಬಿಸಿ. ಅಲ್ಲಾಡುವುದಕ್ಕೆ ಜಾಗ ಬೇಕಲ್ವಾ.

ಮಕ್ಕಳು ವೃತ್ತದಲ್ಲಿ ಕೂತು ಸರದಿಯಂತೆ ಕುಲುಕಬೇಕು. ಒಬ್ಬೊಬ್ಬರು ಇಪ್ಪತ್ತು ಸಲ, ಎಲ್ಲರೂ ಸೇರಿ ಗಟ್ಟಿಯಾಗಿ ಎಣಿಸಬೇಕು. ಮೊದಲು ಬುಳುಬುಳು ಶಬ್ದ. ಐದು ನಿಮಿಷ ಆಗುತ್ತಿದ್ದಂತೆ ಶಬ್ದ ನಿಂತುಹೋಗುತ್ತದೆ. ಒಳಗಿರುವುದು ಗಟ್ಟಿ ನೊರೆ, ಕುಲುಕಿದರೂ ಏನೂ ಅಲ್ಲಾಡುವುದಿಲ್ಲ. "ಕೆಟ್ಟೋಯ್ತು" ಅಂತ ಮಕ್ಕಳು ಮುಖ ಸಪ್ಪಗೆ ಮಾಡುತ್ತಾರೆ. ಬಿಡಬೇಡಿ, ಕುಲುಕಿಸಿ. ಇನ್ನೈದು-ಹತ್ತು ನಿಮಿಷಕ್ಕೆ ಇದ್ದಕ್ಕಿದ್ದಂತೆ ಒಳಗೆ ಏನೋ ದಪ್ಪ್ ಎಂದು ಬಡಿಯುತ್ತದೆ. ನೋಡಿದರೆ ಹಳದಿ ಉಂಡೆ, ಸುತ್ತ ತೆಳು ಮಜ್ಜಿಗೆ. ಆ ಗಳಿಗೆಯಲ್ಲಿ ಕ್ಲಾಸಿನಲ್ಲಿ ಏಳುವ ಕೂಗು ಕೇಳಬೇಕು ನೀವು. ಪಕ್ಕದ ಕ್ಲಾಸಿನ ಟೀಚರ್ ಬಂದು ಇಣುಕಿ ನೋಡಿದ್ದೂ ಇದೆ.

ಮಜ್ಜಿಗೆ ಬಸಿದು, ತಣ್ಣೀರಿನಲ್ಲಿ ಬೆಣ್ಣೆ ತೊಳೆದು, ಚಿಟಿಕೆ ಉಪ್ಪು ಹಾಕಿ ಕ್ರ್ಯಾಕರ್ ಮೇಲೆ ಸವರಿ ಕೊಡಿ. ನಮ್ಮಜ್ಜಿ ಬೆಳಗ್ಗೆ ಕಡಗೋಲು ಹಿಡಿದು ಮಾಡುತ್ತಿದ್ದದ್ದೂ ಇದೇ ಕೆಲಸ. ನಾನು ಕಡಗೋಲಿನ ಫೋಟೋ ತೋರಿಸಿ, ಹಗ್ಗ ಎಳೆಯುವ ಹಾಗೆ ಕೈ ಆಡಿಸಿದ್ದೆ. ಆ ಕೈಯಾಟ ನೋಡಿ ಆಮೇಲಿನ ಒಂದು ವಾರ ಮಕ್ಕಳೆಲ್ಲ ರಿಸೆಸ್‌ನಲ್ಲಿ ಮೊಸರು ಕಡೆದರಂತೆ.

ಒಂದು ಮಾತು. "1621ರ ಮೊದಲ ಥ್ಯಾಂಕ್ಸ್‌ಗಿವಿಂಗ್‌ನಲ್ಲಿ ಹೀಗೇ ಬೆಣ್ಣೆ ಮಾಡಿದ್ದರು" ಅಂತ ಹೇಳಬೇಡಿ. ಆ ಊಟ ನಡೆದದ್ದು ಇಂಗ್ಲೆಂಡಿನಿಂದ ಬಂದವರು ಮ್ಯಾಸಚೂಸೆಟ್ಸ್‌ನಲ್ಲಿ ಕಟ್ಟಿದ ಪ್ಲಿಮತ್ ಊರಿನಲ್ಲಿ. ಅಲ್ಲಿಗೆ ಹಸುಗಳು ಬಂದದ್ದೇ 1624ರಲ್ಲಿ. "ಇವತ್ತಿನ ಹಬ್ಬದ ಊಟದ ಬೆಣ್ಣೆ ಹೇಗೆ ಆಗುತ್ತೆ ನೋಡೋಣ" ಅಂದರೆ ಸಾಕು.

ಕ್ಲಾಸಿನಲ್ಲಿ ಹಾಲಿನ ಅಲರ್ಜಿ ಇರುವ ಮಗು ಇದೆ. ಆಗ?

ಬೆಣ್ಣೆ ಬಿಟ್ಟುಬಿಡಿ. ಆ ಮಗುವನ್ನು ಮಾತ್ರ ದೂರ ಕೂರಿಸಿ ಉಳಿದವರಿಗೆ ಮಾಡಿಸುವುದು ಬೇಡ. ನಮಗೂ ಒಂದು ವರ್ಷ ಹೀಗಾಯಿತು. ಆಗಲೇ ಕ್ರ್ಯಾನ್‌ಬೆರಿ ಪ್ರಯೋಗ ಕಲಿತದ್ದು. ಅದು ಬೆಣ್ಣೆಯಷ್ಟೇ ಚೆನ್ನಾಗಿದೆ, ಖರ್ಚೂ ಕಡಿಮೆ.

ಏನದು ಕ್ರ್ಯಾನ್‌ಬೆರಿ ಪ್ರಯೋಗ?

ನವೆಂಬರಿನಲ್ಲಿ ಎಲ್ಲ ಅಂಗಡಿಯಲ್ಲೂ 12 ಔನ್ಸಿನ ತಾಜಾ ಕ್ರ್ಯಾನ್‌ಬೆರಿ ಪೊಟ್ಟಣ ಸಿಗುತ್ತದೆ. ಎರಡು ತನ್ನಿ. ಮೊದಲು ಮಕ್ಕಳಿಂದ ಊಹೆ ಬರೆಸಿ: ನೀರಿಗೆ ಹಾಕಿದರೆ ತೇಲುತ್ತದೋ, ಮುಳುಗುತ್ತದೋ? ಆಮೇಲೆ ಹಾಕಿಸಿ. ತೇಲುತ್ತದೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಒಂದನ್ನು ಅಡ್ಡಕ್ಕೆ ಕತ್ತರಿಸಿ ತೋರಿಸಿ, ಒಳಗೆ ನಾಲ್ಕು ಪುಟ್ಟ ಖಾಲಿ ಕೋಣೆಗಳಿವೆ. ಗಾಳಿ ಇರುವುದು ಅಲ್ಲಿ. ರೈತರು ಹೊಲಕ್ಕೆ ನೀರು ಬಿಟ್ಟು ಹಣ್ಣನ್ನು ತೇಲಿಸಿ ಕೊಯ್ಲು ಮಾಡುವುದಕ್ಕೂ ಇದೇ ಕಾರಣ. ಅಮೆರಿಕದ ಅರ್ಧಕ್ಕಿಂತ ಹೆಚ್ಚು ಕ್ರ್ಯಾನ್‌ಬೆರಿ ವಿಸ್ಕಾನ್ಸಿನ್‌ನದು. ನಮ್ಮ ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್‌ನಲ್ಲೂ ಬೆಳೆಯುತ್ತಾರೆ, ಅಕ್ಟೋಬರಿನಲ್ಲಿ ಹೋದರೆ ಇಡೀ ಕೆರೆ ಕೆಂಪಾಗಿರುತ್ತದೆ.

ಒಳ್ಳೆಯ ಹಣ್ಣು ಪುಟಿಯುತ್ತದೆ, ಕೊಳೆತದ್ದು ಪುಟಿಯುವುದಿಲ್ಲ. ಹಿಂದೆ ಹಣ್ಣು ಬೇರ್ಪಡಿಸುತ್ತಿದ್ದದ್ದೇ ಹಾಗೆ. ಮಕ್ಕಳಿಗೆ ಒಂದೊಂದು ಕೊಟ್ಟು ಸ್ಕೇಲ್ ಪಕ್ಕದಲ್ಲಿ ಬೀಳಿಸಿ ಎಷ್ಟು ಎತ್ತರ ಹಾರಿತು ಅಂತ ಅಳೆಸಿ. ಅರ್ಧ ಹಣ್ಣು ರೇಡಿಯೇಟರ್ ಕೆಳಗೆ ಸೇರುತ್ತದೆ. ಹೋಗುವ ಮುಂಚೆ ನೀವೇ ಹೆಕ್ಕಿ.

ಎರಡನೇ ಕ್ಲಾಸಿಗಿಂತ ದೊಡ್ಡವರಿದ್ದರೆ ಇನ್ನೊಂದಿದೆ. ಕ್ರ್ಯಾನ್‌ಬೆರಿ ರಸಕ್ಕೆ ಸ್ವಲ್ಪ ಅಡುಗೆ ಸೋಡಾ ಹಾಕಿ. ಕೆಂಪು ಹೋಗಿ ಬೂದು-ನೀಲಿ ಬಣ್ಣಕ್ಕೆ ತಿರುಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಗುಲಾಬಿ. ಇದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಆರತಿ ತಟ್ಟೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಆಟ. ಒಂದು ಚಮಚ ಅರಿಶಿನ ಕಟ್ಟಿಕೊಂಡು ಹೋಗಿ. ಸುಣ್ಣ ಮಕ್ಕಳ ಕೈಗೆ ಬೇಡ, ಅಡುಗೆ ಸೋಡಾದಲ್ಲೂ ಬಣ್ಣ ತಿರುಗುತ್ತದೆ. ಬಿಳಿ ಶರ್ಟು ಹಾಕಿಕೊಂಡು ಮಾತ್ರ ಹೋಗಬೇಡಿ.

ನಾವು ಸಸ್ಯಾಹಾರಿಗಳು. ಎಲ್ಲೆಲ್ಲೂ ಟರ್ಕಿ, ಟರ್ಕಿ. ಏನು ಮಾಡೋದು?

ಟರ್ಕಿ ಕೋಳಿಯನ್ನು ತಿನ್ನದೆಯೂ ಅದರ ಜೊತೆ ಆಡಬಹುದು. ಕಿಂಡರ್‌ಗಾರ್ಟನ್, ಫಸ್ಟ್ ಗ್ರೇಡಿನ ಟೀಚರುಗಳು "ಟರ್ಕಿಗೆ ವೇಷ ಹಾಕಿ" ಅಂತ ಒಂದು ಹಾಳೆ ಮನೆಗೆ ಕಳಿಸುತ್ತಾರೆ. ಕಾಗದದ ಟರ್ಕಿಯೊಂದು ಇರುತ್ತದೆ. ಅದು ಹಬ್ಬದ ದಿನ ಅಡುಗೆ ಮನೆ ಸೇರದ ಹಾಗೆ ಮಗು ಅದಕ್ಕೆ ಮಾರುವೇಷ ಹಾಕಬೇಕು. ಸಸ್ಯಾಹಾರಿ ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ!

ಕ್ಲಾಸಿನ ತುಂಬ ಸ್ಪೈಡರ್‌ಮ್ಯಾನ್ ಟರ್ಕಿ, ರಾಜಕುಮಾರಿ ಟರ್ಕಿ, ಪಿಜ್ಜಾ ಟರ್ಕಿ. ನನ್ನ ಮಗಳು ಯಕ್ಷಗಾನದ ವೇಷ ಹಾಕಿದಳು. ಅದರ ಹಿಂದಿನ ಬೇಸಿಗೆಯಲ್ಲಿ ಸಾಲಿಗ್ರಾಮದ ಹತ್ತಿರ ಅಜ್ಜನ ಮನೆಯಲ್ಲಿ ಆಟ ನೋಡಿದ್ದಳು. ಚಿನ್ನದ ಬಣ್ಣದ ಚಾಕಲೇಟ್ ಕಾಗದದಿಂದ ಕಿರೀಟ, ಹಣೆಗೆ ನಾಮ, ಕಪ್ಪು ನೂಲಿನ ಮೀಸೆ. ಗರಿಗಳೆಲ್ಲ ಕಿರೀಟದ ಹಿಂದೆ ಸೇರಿಹೋದವು, ಟರ್ಕಿ ಅಂತ ಗೊತ್ತೇ ಆಗಲಿಲ್ಲ. ಕೆಳಗೆ ಅವಳು ಬರೆದ ಸಾಲು: "ನಾನು ಕೋಳಿ ಅಲ್ಲ. ನಾನು ರಾಜ. ನೀವು ಅನ್ನ ಸಾರು ತಿನ್ನಿ."

ಇದನ್ನು ಅಪ್ಪ-ಅಮ್ಮಂದಿರು ಮಾಡಿಕೊಡಬೇಡಿ. ಇಂಜಿನಿಯರ್ ಅಪ್ಪ ಎಲ್‌ಇಡಿ ಲೈಟು ಹಾಕಿದ ಟರ್ಕಿಯನ್ನೂ ನಾನು ನೋಡಿದ್ದೇನೆ. ಮಗು ಅದನ್ನು ಮುಟ್ಟಲೂ ಹೆದರುತ್ತಿತ್ತು.

ಥರ್ಡ್ ಗ್ರೇಡಿನವರಿಗೆ ಇದನ್ನೇ ಬರವಣಿಗೆ ಮಾಡಿ. ಅಧ್ಯಕ್ಷರು ವೈಟ್ ಹೌಸಿನಲ್ಲಿ ಟರ್ಕಿಗೆ ಕ್ಷಮಾದಾನ ಕೊಡುವ ಪದ್ಧತಿ 1989ರಲ್ಲಿ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಕಾಲದಿಂದ ನಡೆದುಬಂದಿದೆ. ಟರ್ಕಿಯೇ ಅಧ್ಯಕ್ಷರಿಗೆ ಪತ್ರ ಬರೆಯುತ್ತಿದೆ, ತನ್ನನ್ನು ಯಾಕೆ ಬಿಡಬೇಕು ಅಂತ ಮೂರು ಕಾರಣ ಕೊಡಬೇಕು. ಪತ್ರ ಬರೆದರೆ ಕೆಲಸ ಆಗುತ್ತದಾ ಅಂತ ಯಾರಾದರೂ ಕೇಳಿದರೆ ಸಾರಾ ಜೊಸೀಫಾ ಹೇಲ್ ಕಥೆ ಹೇಳಿ. ಪತ್ರಿಕೆಯೊಂದರ ಸಂಪಾದಕಿ. ಇಡೀ ದೇಶಕ್ಕೆ ಒಂದೇ ಥ್ಯಾಂಕ್ಸ್‌ಗಿವಿಂಗ್ ದಿನ ಬೇಕು ಅಂತ ವರ್ಷಗಟ್ಟಲೆ ಒಬ್ಬರಾದ ಮೇಲೆ ಒಬ್ಬ ಅಧ್ಯಕ್ಷರಿಗೆ ಬರೆದರು. ಕೊನೆಗೆ ಕಿವಿಗೊಟ್ಟದ್ದು ಲಿಂಕನ್.

ಗರಿಯ ಕಿರೀಟ, ಪಿಲ್‌ಗ್ರಿಮ್ ಟೋಪಿ ಮಾಡಿಸಿ ನಾಟಕ ಆಡಿಸಬಹುದಾ?

ಬೇಡ. ಗರಾಜಿನಲ್ಲಿರುವ ಆ ಮೂರು ಪೊಟ್ಟಣ ಇದೇ ಕೆಲಸಕ್ಕೆ ತಂದದ್ದು. ಟೀಚರ್ ನಯವಾಗಿಯೇ ಬೇಡ ಎಂದರು. ಮೊದಲು ನನಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ಓದಿಕೊಂಡೆ.

ಪಿಲ್‌ಗ್ರಿಮ್ ಅಂದರೆ ಇಂಗ್ಲೆಂಡಿನಿಂದ ಬಂದು ಪ್ಲಿಮತ್‌ನಲ್ಲಿ ನೆಲೆಸಿದವರು. 1621ರಲ್ಲಿ ಅವರ ಜೊತೆ ಉಂಡವರು ವಾಂಪನೋಗ್ ಅನ್ನುವ ಮೂಲನಿವಾಸಿ ಜನ. ನಾವು ಸಿನಿಮಾಗಳಲ್ಲಿ ನೋಡುವ ದೊಡ್ಡ ಗರಿಯ ಕಿರೀಟ ಅವರದಲ್ಲ. ಅದು ಸಾವಿರ ಮೈಲಿಗೂ ಹೆಚ್ಚು ದೂರದ ಬಯಲು ಸೀಮೆಯ ಬುಡಕಟ್ಟುಗಳದು, ಅಲ್ಲಿ ಅದನ್ನು ಗೌರವ ಗಳಿಸಿದವರು ಮಾತ್ರ ಧರಿಸುತ್ತಾರೆ. ಯಾರೋ ಕೊಡವರ ಪೀಚೆಕತ್ತಿಯನ್ನು ಕಾಗದದಲ್ಲಿ ಮಾಡಿ, ಧೋತರದ ಮೇಲೆ ಸಿಕ್ಕಿಸಿ, "ಇದು ಬೀದರಿನವರ ವೇಷ" ಅಂದರೆ ನಮಗೆ ಹೇಗಾಗುತ್ತದೆ?

ಇನ್ನೊಂದು ಕಾರಣ, ನಾಟಕ ಆಡಿಸಿದರೆ ವಾಂಪನೋಗ್ ಜನರೆಲ್ಲ ಬರೀ ಕಥೆಯೊಳಗಿನವರು ಅಂತ ಮಕ್ಕಳು ತಿಳಿಯುತ್ತಾರೆ. ಅವರು ಇವತ್ತೂ ಇದ್ದಾರೆ. ಮ್ಯಾಸಚೂಸೆಟ್ಸ್‌ನ ಮ್ಯಾಶ್‌ಪೀಯಲ್ಲಿ ಇದ್ದಾರೆ, ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಅಕ್ವಿನ್ನಾದಲ್ಲಿ ಇದ್ದಾರೆ. ಅಕ್ವಿನ್ನಾದವರು ಅಕ್ಟೋಬರಿನಲ್ಲಿ ಕ್ರ್ಯಾನ್‌ಬೆರಿ ದಿನ ಆಚರಿಸುತ್ತಾರೆ. ಮಾತನಾಡುವವರೇ ಇಲ್ಲದಂತಾಗಿದ್ದ ತಮ್ಮ ಭಾಷೆಯನ್ನು 1993ರಿಂದ ಮತ್ತೆ ಕಟ್ಟುತ್ತಿದ್ದಾರೆ, ಈಗ ಮಕ್ಕಳಿಗೂ ಕಲಿಸುತ್ತಿದ್ದಾರೆ. ಭಾಷೆಯ ಈ ಕಥೆಯನ್ನು ನಮ್ಮ ಕನ್ನಡ ಕಲಿ ತರಗತಿಯ ಮಕ್ಕಳಿಗೆ ಹೇಳಿದಾಗ ಅವರು ಕೇಳಿದ ಪ್ರಶ್ನೆಗಳು ನಾಟಕದಲ್ಲಿ ಯಾವತ್ತೂ ಬಂದಿರಲಿಲ್ಲ.

ಹಾಗಾದ್ರೆ ನಿಜವಾದ ಕಥೆ ಯಾವ ವಯಸ್ಸಿಗೆ ಎಷ್ಟು ಹೇಳೋದು?

ಕಿಂಡರ್‌ಗಾರ್ಟನ್, ಫಸ್ಟ್ ಗ್ರೇಡಿಗೆ ನಾಲ್ಕು ಮಾತು ಸಾಕು. ವಾಂಪನೋಗ್ ಜನ ಆ ನೆಲದಲ್ಲಿ ಬಹಳ ಕಾಲದಿಂದ ಇದ್ದರು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಇಂಗ್ಲೆಂಡಿನಿಂದ 102 ಜನ ಬಂದರು. ಮೊದಲ ಚಳಿಗಾಲದಲ್ಲಿ ಅವರಲ್ಲಿ ಅರ್ಧದಷ್ಟು ಜನ ಸತ್ತರು. ಮುಂದಿನ ವರ್ಷ ಬೆಳೆ ಬಂದಾಗ ಎರಡೂ ಕಡೆಯವರು ಮೂರು ದಿನ ಒಟ್ಟಿಗೆ ಉಂಡರು.

ಸೆಕೆಂಡ್, ಥರ್ಡ್ ಗ್ರೇಡಿಗೆ ವಾಂಪನೋಗ್ ಜನರಲ್ಲಿ ಒಬ್ಬನಾದ ಟಿಸ್ಕ್ವಾಂಟಮ್ ಕಥೆ ಸೇರಿಸಿ. ಸ್ಕ್ವಾಂಟೊ ಅಂತ ಪುಸ್ತಕಗಳಲ್ಲಿ ಇರುತ್ತದೆ. "ಇಂಗ್ಲಿಷರಿಗೆ ಮೆಕ್ಕೆಜೋಳ ಬಿತ್ತೋದು ಹೇಳಿಕೊಟ್ಟ ಒಳ್ಳೆಯವನು" ಎಂದು ಮುಗಿಸುತ್ತಾರೆ. ಅವನಿಗೆ ಇಂಗ್ಲಿಷ್ ಹೇಗೆ ಬಂತು ಅಂತ ಯಾರಾದರೂ ಮಗು ಕೇಳೇ ಕೇಳುತ್ತದೆ. 1614ರಲ್ಲಿ ಇಂಗ್ಲಿಷ್ ಹಡಗಿನವನೊಬ್ಬ ಅವನನ್ನು ಹಿಡಿದು ಸ್ಪೇನಿಗೆ ಒಯ್ದು ಮಾರಿದ. ಅಲ್ಲಿಂದ ಲಂಡನ್ನಿಗೆ ಹೋಗಿ, 1619ರಲ್ಲಿ ಊರಿಗೆ ಮರಳಿದ. ಅವನ ಪಟುಕ್ಸೆಟ್ ಊರು ಅಷ್ಟರಲ್ಲಿ ರೋಗಕ್ಕೆ ಬರಿದಾಗಿತ್ತು. ಅದೇ ಜಾಗದಲ್ಲಿ ಪ್ಲಿಮತ್ ಎದ್ದದ್ದು. ಎಂಟು ವರ್ಷದ ಮಕ್ಕಳು ಇದನ್ನು ಕಣ್ಣು ಬಿಟ್ಟುಕೊಂಡು ಕೇಳುತ್ತಾರೆ.

ಫೋರ್ತ್, ಫಿಫ್ತ್ ಗ್ರೇಡಿಗೆ ಪತ್ತೇದಾರಿ ಕೆಲಸ ಕೊಡಿ. ಆ ಊಟವನ್ನು ಕಣ್ಣಾರೆ ಕಂಡು ಬರೆದದ್ದು ಅಂತ ಮುಖ್ಯವಾಗಿ ಇರುವುದು ಎಡ್ವರ್ಡ್ ವಿನ್ಸ್ಲೊ 1621ರ ಡಿಸೆಂಬರಿನಲ್ಲಿ ಬರೆದ ಪತ್ರದ ಕೆಲವೇ ಸಾಲುಗಳು. ಅದನ್ನು ಒಂದು ಕಡೆ, ಅಂಗಡಿಯಲ್ಲಿ ಸಿಗುವ ಥ್ಯಾಂಕ್ಸ್‌ಗಿವಿಂಗ್ ಪೋಸ್ಟರನ್ನು ಇನ್ನೊಂದು ಕಡೆ ಇಡಿ. ಪೋಸ್ಟರಿನಲ್ಲಿ ಇರುವುದು ಯಾವುದು ಪತ್ರದಲ್ಲಿ ಇಲ್ಲ? ಮಕ್ಕಳು ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಪಂಪ್‌ಕಿನ್ ಪೈ ಇಲ್ಲ. ಆಲೂಗಡ್ಡೆ ಇಲ್ಲ. ಟರ್ಕಿ ಅನ್ನುವ ಮಾತೇ ಇಲ್ಲ, ನಾಲ್ಕು ಜನ ಹಕ್ಕಿ ಬೇಟೆಗೆ ಹೋದರು ಅಂತ ಮಾತ್ರ ಇದೆ. ಇರುವುದು ಏನು? ವಾಂಪನೋಗ್ ನಾಯಕ ಮ್ಯಾಸಸಾಯ್ಟ್ ಸುಮಾರು 90 ಜನರನ್ನು ಕರೆದುಕೊಂಡು ಬಂದ, ಅವರು ಐದು ಜಿಂಕೆ ತಂದರು. ಇಂಗ್ಲಿಷರು ಆಗ ಉಳಿದಿದ್ದದ್ದು 50ರ ಆಸುಪಾಸು. ಅಂದರೆ ಜಾಸ್ತಿ ಜನ ಯಾರು? ಪೋಸ್ಟರಿನಲ್ಲಿ ಎಣಿಸಿ ನೋಡಿ ಅನ್ನಿ. ಇದನ್ನು ನೋಡಿ ನಮ್ಮ ಕ್ಲಾಸಿನ ಒಬ್ಬ ಹುಡುಗನಿಗೆ ಸಿಟ್ಟೇ ಬಂತು. "ಪೋಸ್ಟರ್ ಮಾಡಿದವರು ಪತ್ರ ಓದಿಲ್ವಾ?" ಅಂತ ಕೇಳಿದ.

ಈ ವಯಸ್ಸಿನವರಿಗೆ ಮುಂದಿನದ್ದನ್ನೂ ಹೇಳಬಹುದು. ಆ ನಾಯಕನ ಮಗ ಮೆಟಕಾಮ್ ಕಾಲಕ್ಕೆ, 1675ರಲ್ಲಿ, ಅದೇ ಎರಡು ಕಡೆಯವರ ನಡುವೆ ಯುದ್ಧವಾಯಿತು. 1970ರಿಂದ ಪ್ಲಿಮತ್‌ನಲ್ಲಿ ಅದೇ ಗುರುವಾರ ಮೂಲನಿವಾಸಿಗಳು ರಾಷ್ಟ್ರೀಯ ಶೋಕ ದಿನ ಆಚರಿಸುತ್ತಾರೆ. ಇದನ್ನು ಕ್ಲಾಸಿನಲ್ಲಿ ಹೇಳುವ ಮೊದಲು ಟೀಚರ್ ಜೊತೆ ಮಾತಾಡಿಕೊಳ್ಳಿ. ಹೇಗೆ, ಎಷ್ಟು ಅನ್ನುವುದು ಅವರ ತೀರ್ಮಾನ.

"ನಾನು ಯಾವುದಕ್ಕೆ ಥ್ಯಾಂಕ್‌ಫುಲ್" ಅಂದ್ರೆ ಎಲ್ಲ ಮಕ್ಕಳೂ "ಫ್ಯಾಮಿಲಿ" ಅಂತ ಬರೀತಾರೆ. ಏನು ಮಾಡೋದು?

ಆ ಪದವನ್ನೇ ನಿಷೇಧಿಸಿ. ತಮಾಷೆಗೆ ಹೇಳುತ್ತಿಲ್ಲ. ಬೋರ್ಡಿನ ಮೇಲೆ ನಾಲ್ಕು ಪದ ಬರೆದು ಕಾಟು ಹಾಕಿ: ಮನೆಯವರು, ಗೆಳೆಯರು, ಊಟ, ಆಟಿಕೆ. "ಇವು ಬಿಟ್ಟು ಬರೀರಿ" ಅನ್ನಿ. ಎರಡು ನಿಮಿಷ ಯಾರೂ ಪೆನ್ಸಿಲ್ ಎತ್ತುವುದಿಲ್ಲ. ಆಗ ಸಣ್ಣ ಪ್ರಶ್ನೆಗಳನ್ನು ಕೇಳಿ. ಈ ವಾರ ನೀನು ಬಿದ್ದಾಗ ಯಾರು ಎಬ್ಬಿಸಿದರು? ನಿನ್ನ ಜಿಪ್ ಸಿಕ್ಕಿಕೊಂಡಾಗ? ಬೆಳಗ್ಗೆ ಬಸ್ಸಿನಲ್ಲಿ ಮೊದಲು ಯಾರನ್ನು ನೋಡಿದೆ?

ಎಲೆ ಆಕಾರದಲ್ಲಿ ಕಾಗದ ಕತ್ತರಿಸಿ ಮರಕ್ಕೆ ಅಂಟಿಸುವುದು ಎಲ್ಲ ಕಡೆ ಇರುವುದೇ. ಮಾಡಿಸಿ, ಗೋಡೆ ಚೆನ್ನಾಗಿ ಕಾಣುತ್ತದೆ. ಆದರೆ ನನಗೆ ಇಷ್ಟವಾಗುವುದು ಕಾರ್ಡು. ಎಲೆ ಗೋಡೆಯ ಮೇಲೇ ಉಳಿಯುತ್ತದೆ, ಕಾರ್ಡು ಒಬ್ಬರ ಕೈ ಸೇರುತ್ತದೆ. ಶಾಲೆಯಲ್ಲಿ ಯಾರಿಗೂ ಹೆಸರೇ ನೆನಪಿಗೆ ಬಾರದವರ ಪಟ್ಟಿ ಮಾಡಿಸಿ: ಶಾಲೆ ಗುಡಿಸಿ ಒರೆಸುವ ಕಸ್ಟೋಡಿಯನ್, ಕ್ಯಾಫೆಟೇರಿಯಾದವರು, ಬಸ್ ಡ್ರೈವರ್, ರಸ್ತೆ ದಾಟಿಸುವ ಕ್ರಾಸಿಂಗ್ ಗಾರ್ಡ್, ನರ್ಸ್. ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬರು. ನಿಯಮ ಒಂದೇ, ಅವರು ಮಾಡಿದ ಒಂದು ಕೆಲಸವನ್ನು ಬರೆಯಬೇಕು.

ಒಂದು ವರ್ಷ ಫಸ್ಟ್ ಗ್ರೇಡಿನ ಹುಡುಗನೊಬ್ಬ ಕಸ್ಟೋಡಿಯನ್‌ಗೆ ಬರೆದದ್ದು ನನಗೆ ಬಾಯಿಪಾಠವಾಗಿದೆ. ಅರ್ಧಕ್ಕರ್ಧ ಸ್ಪೆಲಿಂಗ್ ತಪ್ಪು. ಅರ್ಥ ಹೀಗೆ: "ನಾನು ಲಂಚ್‌ನಲ್ಲಿ ವಾಂತಿ ಮಾಡಿದೆ. ನೀವು ಪುಡಿ ಹಾಕಿದಿರಿ. ಯಾರಿಗೂ ಹೇಳಲಿಲ್ಲ." ಮಕ್ಕಳು ಸಾಲಾಗಿ ಹೋಗಿ ಕಾರ್ಡ್ ಕೊಟ್ಟಾಗ ಅವರು ಅಲ್ಲೇ ಮೊಪ್ ಗೋಡೆಗೆ ಒರಗಿಸಿ ಓದಿದರು. "ಈಗ ಹೊಟ್ಟೆ ಸರಿ ಇದೆಯಾ?" ಅಂತ ಅವನನ್ನು ಕೇಳಿದರು.

ಗೋಡೆಯ ಮೇಲೆ ಎಲ್ಲ ಭಾಷೆಯಲ್ಲಿ "ಥ್ಯಾಂಕ್ ಯೂ" ಬರೀತಿದ್ದಾರೆ. ಕನ್ನಡದಲ್ಲಿ ಏನು ಬರೀಲಿ?

"ಧನ್ಯವಾದ" ಅಂತ ಬರೆಯಿರಿ, ತಪ್ಪೇನಿಲ್ಲ. ಆದರೆ ಮನೆಯಲ್ಲಿ ನಾವು ಅದನ್ನು ಹೇಳುತ್ತೇವಾ? ಅಮ್ಮ ದೋಸೆ ಹಾಕಿಕೊಟ್ಟಾಗ "ಧನ್ಯವಾದಗಳು" ಅಂದರೆ "ಏನೋ ಆಗಿದೆ ನಿಂಗೆ" ಅನ್ನುತ್ತಾಳೆ. ಅದು ವೇದಿಕೆಯ ಮಾತು. ಊರಿನಲ್ಲಿ ಜನ ಸುಮ್ನೆ "ಥ್ಯಾಂಕ್ಸ್" ಅಂತಾರೆ, ಇಲ್ಲವೇ ನಗುತ್ತಾರೆ.

ನಮ್ಮಜ್ಜಿಗೆ ಒಂದು ಲೋಟ ನೀರು ತಂದುಕೊಟ್ಟರೆ "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಾ" ಅನ್ನುತ್ತಿದ್ದರು. ನಾನು ಅದನ್ನೇ ಬರೆದೆ, ಕೆಳಗೆ ಇಂಗ್ಲಿಷಿನಲ್ಲಿ ಅರ್ಥವನ್ನೂ ಹಾಕಿದೆ. ಮಕ್ಕಳಿಗೆ ವಿಪರೀತ ಹಿಡಿಸಿತು. ಒಂದು ವಾರ ಪೆನ್ಸಿಲ್ ಕೊಟ್ಟವರಿಗೆಲ್ಲ ಹೊಟ್ಟೆ ತಣ್ಣಗಿರಲಿ.

ನಮ್ಮ ಸುಗ್ಗಿ ಹಬ್ಬದ ಬಗ್ಗೆ ಹೇಳಿ ಅಂತ ಟೀಚರ್ ಕರೆದಿದ್ದಾರೆ. ಎಳ್ಳು-ಬೆಲ್ಲ ಒಯ್ಯಲಾ?

ಒಯ್ಯಬೇಡಿ. ಕಡಲೆಕಾಯಿ ಬೀಜ ಅಂತೂ ಎಷ್ಟೋ ಕಡೆ ಕ್ಲಾಸಿಗೆ ಹೋಗುವಂತಿಲ್ಲ. 2023ರ ಜನವರಿಯಿಂದ ಎಳ್ಳು ಕೂಡ ಅಮೆರಿಕದ ಪ್ರಮುಖ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿ ಒಂಬತ್ತನೆಯದಾಗಿ ಸೇರಿದೆ. ನಮ್ಮ ಎಳ್ಳು-ಬೆಲ್ಲದಲ್ಲಿ ಎರಡೂ ಇವೆ.

ಬದಲಿಗೆ ಸಕ್ಕರೆ ಅಚ್ಚಿನ ಮರದ ಅಚ್ಚು ಒಯ್ಯಿರಿ. ಸಕ್ಕರೆ ಪಾಕ ಬೇಡ, ಪ್ಲೇ-ಡೋ ಒತ್ತಿಸಿ. ತುಳಸಿಕಟ್ಟೆ, ಕೋಳಿ, ಮೀನು, ಒಂದೊಂದೇ ಅಚ್ಚಿನಿಂದ ಈಚೆ ಬರುವುದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಪ್ಲೇ-ಡೋನಲ್ಲೂ ಗೋಧಿ ಇರುತ್ತದೆ, ಹಾಗಾಗಿ ಟೀಚರನ್ನು ಒಮ್ಮೆ ಕೇಳಿಬಿಡಿ. ಆಮೇಲೆ ಅಚ್ಚಿನ ಸಂದಿಯಿಂದ ಅದನ್ನು ತೆಗೆಯಲು ಹಲ್ಲುಕಡ್ಡಿ ಬೇಕು, ನೆನಪಿರಲಿ.

ಕಥೆ ಬೇಕಿದ್ದರೆ ಭೂಮಿ ಹುಣ್ಣಿಮೆಯದು ಹೇಳಿ. ಸಂಕ್ರಾಂತಿಗಿಂತ ಅದು ಇಲ್ಲಿಗೆ ಹತ್ತಿರ. ಅಕ್ಟೋಬರ್ ಆಸುಪಾಸು ಬರುತ್ತದೆ. ಮಲೆನಾಡಿನಲ್ಲಿ ಗದ್ದೆಯ ಪೈರು ತೆನೆ ತುಂಬಿ ನಿಂತಾಗ ಭೂಮಿಯನ್ನು ಬಸುರಿ ಹೆಂಗಸೆಂದು ತಿಳಿದು ಸೀಮಂತ ಮಾಡುತ್ತಾರೆ. ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತುಕೊಂಡು ಗದ್ದೆಗೇ ಹೋಗಿ ಬಡಿಸುತ್ತಾರೆ. ಮಕ್ಕಳಿಗೆ ಕಾಗದದ ಬುಟ್ಟಿ ಕೊಟ್ಟು, ಬಿಳಿ ಪೆನ್ಸಿಲಿನಲ್ಲಿ ಗೆರೆ ಚಿತ್ತಾರ ಬರೆಸಬಹುದು. "ಭೂಮಿಗೆ ಬೇಬಿ ಶವರ್ರಾ?" ಅಂತ ಕೇಳುತ್ತಾರೆ. ಹೌದು ಅನ್ನಿ.

ವಾಂಪನೋಗ್‌ರಂತೆ ಇಲ್ಲಿನ ಹಲವು ಮೂಲನಿವಾಸಿಗಳು ಮೆಕ್ಕೆಜೋಳ, ಬೀನ್ಸ್, ಕುಂಬಳವನ್ನು ಒಟ್ಟಿಗೆ ಬೆಳೆಯುತ್ತಿದ್ದರು. ಮೂವರು ಅಕ್ಕ-ತಂಗಿಯರು ಅಂತ ಅದಕ್ಕೆ ಹೆಸರು. ಜೋಳದ ದಂಟನ್ನು ಬೀನ್ಸ್ ಬಳ್ಳಿ ಹತ್ತುತ್ತದೆ, ಬೀನ್ಸ್ ನೆಲಕ್ಕೆ ಸಾರ ಕೊಡುತ್ತದೆ, ಕುಂಬಳದ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತದೆ. ನಮ್ಮ ಕಡೆ ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಅಕ್ಕಡಿ ಸಾಲು ಹಾಕುತ್ತಾರಲ್ಲ, ಆ ಜಾಣತನವೇ ಇದು. ಒದ್ದೆ ಪೇಪರ್ ಟವಲಿನಲ್ಲಿ ಬೀನ್ಸ್ ಕಾಳು ಸುತ್ತಿ ಜಿಪ್ ಚೀಲಕ್ಕೆ ಹಾಕಿ ಕಿಟಕಿಗೆ ಅಂಟಿಸಿ. ಹಬ್ಬಕ್ಕೆ ಒಂದು ವಾರ ಮುಂಚೆ ಮಾಡಿದರೆ ರಜೆಯೊಳಗೆ ಮೊಳಕೆ ಕಾಣುತ್ತದೆ.

ಮನೆ ಅಡುಗೆ ಒಯ್ಯಬಹುದಾ?

ಬಹಳ ಶಾಲೆಗಳಲ್ಲಿ ಇಲ್ಲ. ಲೇಬಲ್ ಇರುವ ಅಂಗಡಿ ಪೊಟ್ಟಣ ಮಾತ್ರ. ಮೊದಲೇ ಕೇಳಿ. ನಿಮ್ಮ ಕೋಡುಬಳೆಯನ್ನು ಟೀಚರಿಗೆ ಬೇರೆಯಾಗಿ ಕೊಡಿ.

ದೊಡ್ಡ ಮಕ್ಕಳಿಗೆ ಕತ್ತರಿ-ಅಂಟು ಬೋರು. ಲೆಕ್ಕದಲ್ಲಿ ಏನಾದ್ರೂ?

ಅಂಗಡಿಗಳ ವಾರದ ಜಾಹೀರಾತು ಹಾಳೆಗಳನ್ನು ಒಟ್ಟು ಮಾಡಿ. ಹತ್ತು ಜನರ ಊಟ, ಇಂತಿಷ್ಟು ಡಾಲರ್, ಇಬ್ಬರು ಸಸ್ಯಾಹಾರಿಗಳು, ಒಬ್ಬರಿಗೆ ಗ್ಲೂಟನ್ ಆಗಲ್ಲ. ಪಟ್ಟಿ ಮಾಡಿ ಅನ್ನಿ. ನಾಲ್ಕು ಜನರ ಗುಂಪಿನಲ್ಲಿ ಜಗಳ ಆಗುತ್ತದೆ, ಬಿಟ್ಟುಬಿಡಿ.

ಇನ್ನೊಂದು ನನಗೆ ಇಷ್ಟದ ಲೆಕ್ಕ. ಹೆಪ್ಪುಗಟ್ಟಿದ ಟರ್ಕಿಯನ್ನು ಫ್ರಿಜ್ಜಿನಲ್ಲಿ ಕರಗಿಸಲು ಪ್ರತಿ 4ರಿಂದ 5 ಪೌಂಡಿಗೆ 24 ಗಂಟೆ ಬೇಕು. ಟರ್ಕಿ 20 ಪೌಂಡ್ ಇದೆ. ಗುರುವಾರ ಬೆಳಗ್ಗೆ ಓವನ್ನಿಗೆ ಹೋಗಬೇಕು. ಫ್ರೀಜರಿನಿಂದ ಯಾವತ್ತು ತೆಗೆಯಬೇಕು? ಶನಿವಾರವಾ, ಭಾನುವಾರವಾ? ಎರಡು ಉತ್ತರ ಹೇಗೆ ಬಂತು? ಒಬ್ಬ ಹುಡುಗಿ ಮನೆಗೆ ಹೋಗಿ ಅಪ್ಪನಿಗೆ "ನೀವು ಬುಧವಾರ ತೆಗೀತೀರಿ, ಅದಕ್ಕೇ ಪ್ರತಿ ವರ್ಷ ಒಳಗೆ ಐಸ್" ಅಂದಳಂತೆ.

ಮೇಸೀಸ್ ಪೆರೇಡ್ ಇಟ್ಟುಕೊಂಡು ಏನಾದರೂ ಮಾಡಿಸಬಹುದಾ?

ಚೆನ್ನಾಗಿ ಆಗುತ್ತದೆ. ಮೇಸೀಸ್ ಅನ್ನುವ ದೊಡ್ಡ ಅಂಗಡಿಯವರು ಹಬ್ಬದ ದಿನ ನ್ಯೂಯಾರ್ಕಿನಲ್ಲಿ ನಡೆಸುವ ಈ ಮೆರವಣಿಗೆ 1924ರಲ್ಲಿ ಶುರುವಾದಾಗ ಬಲೂನು ಇರಲಿಲ್ಲ, ಮೃಗಾಲಯದಿಂದ ಪ್ರಾಣಿಗಳನ್ನೇ ತಂದಿದ್ದರು. 1927ರಲ್ಲಿ ಟೋನಿ ಸಾರ್ಗ್ ಅನ್ನುವ ಗೊಂಬೆಯಾಟದವರು ಬಲೂನುಗಳನ್ನು ತಂದರು. ಅವರ ಯೋಚನೆ ಸರಳ. ಸೂತ್ರದ ಗೊಂಬೆಗೆ ದಾರ ಮೇಲಿನಿಂದ ಇರುತ್ತದೆ. ಗೊಂಬೆ ಮೇಲೆ, ಆಡಿಸುವವನು ಕೆಳಗೆ ಇದ್ದರೆ? ಇದನ್ನು ಹೇಳಿ ಮಕ್ಕಳಿಗೆ ಗಟ್ಟಿ ಕಾಗದ, ಕೋಲು, ದಾರ ಕೊಡಿ. ಶೂ ಡಬ್ಬಿಯಲ್ಲಿ ರಥ ಮಾಡಿಸಿ. ಕೊನೆಗೆ ಕಾರಿಡಾರಿನಲ್ಲಿ ಮೆರವಣಿಗೆ. ನಿಜವಾದ ರಬ್ಬರ್ ಬಲೂನು ಬೇಡ, ಅದಕ್ಕೂ ಅಲರ್ಜಿ ಇರುವ ಮಕ್ಕಳಿರುತ್ತಾರೆ.

ಹಬ್ಬಕ್ಕೆ ಮನೆಯಲ್ಲಿ ಯಾರೂ ಇಲ್ಲದ ಮಕ್ಕಳು ಇದ್ದರೆ?

"ನಿಮ್ಮನೆಗೆ ಯಾರೆಲ್ಲ ಬರ್ತಾರೆ, ಏನು ಅಡುಗೆ" ಅಂತ ಎಲ್ಲರ ಮುಂದೆ ಕೇಳಬೇಡಿ. ಅಪ್ಪ ವೀಸಾ ಸ್ಟಾಂಪಿಂಗಿಗೆ ಇಂಡಿಯಾಕ್ಕೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿರಬಹುದು. ಅಮ್ಮನಿಗೆ ಆ ಗುರುವಾರವೂ ಶಿಫ್ಟ್ ಇರಬಹುದು. ಇಡೀ ರಜೆ ಟಿವಿ ಮುಂದೆ ಕಳೆಯುವ ಮಗು ಇರಬಹುದು. ಕ್ಲಾಸಿನಲ್ಲಿ ನಡೆದದ್ದರ ಬಗ್ಗೆಯೇ ಕೇಳಿ. ಅದು ಎಲ್ಲರಿಗೂ ಒಂದೇ.

ಫುಡ್ ಡ್ರೈವ್‌ಗೆ ಏನು ಕಳಿಸಲಿ?

ಇಲ್ಲದವರಿಗೆ ಹಂಚಲು ಶಾಲೆ ಕೂಡಿಸುವ ಆಹಾರ ಇದು. ಒಡೆಯದ, ದಿನಾಂಕ ಮೀರದ ಡಬ್ಬಿಗಳನ್ನು ಕಳಿಸಿ. ಎಳೆದು ತೆಗೆಯುವ ಮುಚ್ಚಳದವು ಒಳ್ಳೆಯದು, ಕೆಲವರ ಹತ್ತಿರ ಓಪನರ್ ಇರುವುದಿಲ್ಲ. ಬಂದದ್ದನ್ನು ಮಕ್ಕಳೇ ಬೇರ್ಪಡಿಸಿ ಎಣಿಸಿ ಗ್ರಾಫ್ ಹಾಕಲಿ. ಮನೆಯಲ್ಲಿ ಯಾರೂ ತಿನ್ನದ ಡಬ್ಬಿ ಖಾಲಿ ಮಾಡಲು ಇದು ಜಾಗ ಅಲ್ಲ ಅಂತ ಅಪ್ಪಂದಿರಿಗೆ ಹೇಳಿ.

ನಾವು ಕೆನಡಾದಲ್ಲಿದ್ದೇವೆ.

ನಿಮ್ಮ ಹಬ್ಬ ಅಕ್ಟೋಬರಿನ ಎರಡನೇ ಸೋಮವಾರ. ಬೆಣ್ಣೆ, ಕ್ರ್ಯಾನ್‌ಬೆರಿ, ಕಾರ್ಡು ಎಲ್ಲ ನಡೆಯುತ್ತದೆ. ಪ್ಲಿಮತ್ ಕಥೆ ನಿಮ್ಮದಲ್ಲ, ಅದನ್ನು ಬಿಟ್ಟುಬಿಡಿ.

ನನಗೆ ಕ್ರಾಫ್ಟ್ ಬರೋದೇ ಇಲ್ಲ. ಏನು ಮಾಡಲಿ?

ಬಾಟಲಿ ಕುಲುಕೋಕೆ ಬರುತ್ತಲ್ವಾ?

ಗ್ಲಿಟರ್ ತರಲಾ?

ಬೇಡ. ಕಾರ್ಡು ತೆಗೆದುಕೊಂಡವರೇ ಸಂಜೆ ಆ ಕ್ಲಾಸನ್ನು ಗುಡಿಸಬೇಕು.